ಮುಂದಿನ ಚಕ್ರದ ಇಪ್ಪತ್ತು ಗುಂಡುಗಳು

ಗುರುವಾರ, ಅಕ್ಟೋಬರ್ ೧೪
ಬೆಳಗಿನ ಪ್ರಾರ್ಥನೆ ಮುಗಿದ ಬಳಿಕ

ಸೌಭಾಗ್ಯವತಿಯಾದ ಸೊಸೆಗೆ ಮಾವನ ಆಶೀರ್ವಾದಗಳು.

ನೀನಿರುವ ಊರಿನಲ್ಲಿ ಭಗವಂತನು ನಿನಗೆ ಆರೋಗ್ಯವನ್ನೂ ಸಮಾಧಾನವನ್ನೂ ಕರುಣಿಸಲಿ. ಇಲ್ಲಿ ನಾನೂ ನಿನ್ನ ಗಂಡನೂ ದೇಹದಿಂದ ಸುಖವಾಗಿದ್ದೇವೆ. ‘ದೇಹದಿಂದ’ ಎಂಬ ಮಾತನ್ನು ಯೋಚಿಸಿಯೇ ಬರೆದಿದ್ದೇನೆ.

ನೀನು ಹೋಗಿ ಏಳು ತಿಂಗಳಾದವು. ಇಷ್ಟರಲ್ಲಿ ನಾನು ಮೂರು ಪತ್ರಗಳನ್ನು ಬರೆದಿದ್ದೇನೆ. ಮೂರರಲ್ಲಿಯೂ ಹವೆಯ ವಿಚಾರ, ನನ್ನ ಮಂಡಿನೋವಿನ ವಿಚಾರ ಮತ್ತು ನೀನು ಕೇಳದಿದ್ದ ಒಂದೆರಡು ಹಿತವಚನಗಳಿದ್ದವು, ಇರಬೇಕಾದುದು ಇರಲಿಲ್ಲ. ಅದನ್ನು ಈಗ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತಿದ್ದೇನೆಂದು ಬೇಸರಿಸಬೇಡ. ಸಾಕ್ಷಿ ನುಡಿಯಲು ನಿಂತವನು ನಡುವಿನಿಂದ ಆರಂಭಿಸಿದರೆ ತನಗೆ ಅನುಕೂಲವಾದ ಕಡೆಯಿಂದಲೇ ಆರಂಭಿಸುತ್ತಾನೆ.

ನೀನು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದೆ. ಒದ್ದೆ ಹೊದಿಕೆಗಳನ್ನು ತುಂಬಿದ ಕೈಗಾಡಿಯನ್ನು ಹಿಂಬದಿಯ ಏರಿನಲ್ಲಿ ದಿನಕ್ಕೆ ಹದಿನಾಲ್ಕು ಸಲ ತಳ್ಳಿ, ಸಂಜೆ ಮನೆಗೆ ಬಂದು ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದೆ. ಆಮೇಲೆ ಅದೇ ಕೈಗಳಿಂದ, ನಮ್ಮ ಹಿಂದಿನ ಕೋಣೆಯಲ್ಲಿ, ಗುಜರಿಗೆ ಬಿದ್ದಿದ್ದ ನಾಲ್ಕು ಸೈಕಲ್ಲುಗಳನ್ನು ಬಿಚ್ಚಿ ವಿದ್ಯುತ್ತಿನಿಂದ ಓಡುವ ಮೂರು ಚಕ್ರದ ಗಾಡಿಯೊಂದನ್ನು ಕಟ್ಟತೊಡಗಿದೆ. ಮೋಟಾರು ಕೆಟ್ಟುಹೋದ ಸ್ಕೂಟರಿನದು. ಬ್ಯಾಟರಿಗಳು ಆಸ್ಪತ್ರೆಯವರು ಹೊರಹಾಕಿದ್ದವು. ಬಟ್ಟೆ ಹೇರುವ ಪೆಟ್ಟಿಗೆ ಮುರಿದ ಮಂಚದ ಜಾಲರಿಯದು. ಗಾಡಿ ಹೇರಿನೊಡನೆ ಏರು ಹತ್ತಿದರೆ, ಖಾಲಿ ಬಿದ್ದಿರುವ ಔಷಧದ ಕೋಣೆಯನ್ನು ನಿನಗೆ ಕಾರ್ಯಾಗಾರವಾಗಿ ಕೊಟ್ಟು, ಅಂಥವೇ ಇನ್ನೂ ನಾಲ್ಕನ್ನು ನಿನ್ನ ಕೈಯಿಂದಲೇ ಮಾಡಿಸುವುದಾಗಿ ಮೇಲ್ವಿಚಾರಕರು ಮಾತು ಕೊಟ್ಟಿದ್ದರು. ಆ ಮಾತನ್ನು ತಂದುಕೊಟ್ಟವನು ಅದೇ ಆಸ್ಪತ್ರೆಯ ಉಗ್ರಾಣದಲ್ಲಿ ಗುಮಾಸ್ತನಾಗಿರುವ ನಿನ್ನ ಗಂಡ. ಅಂದು ಅವನಿಗೆ ನಿನ್ನ ವಿಷಯದಲ್ಲಿ ಹೆಮ್ಮೆಯಿತ್ತು. ನನಗಿದ್ದುದು ಕಿರಿಕಿರಿ. ನನ್ನ ಪಾರಾಯಣದ ಹೊತ್ತಿಗೇ ನಿನ್ನ ಸುತ್ತಿಗೆ ಏಳುತ್ತಿತ್ತು.

ಮುಂದಿನ ಚಕ್ರದ ನಡುವಿನ ಗುಂಬದೊಳಗೆ ಅಚ್ಚಿನ ಸುತ್ತ ಕೂರುವ ಉಕ್ಕಿನ ಗುಂಡುಗಳಿಗಾಗಿ ನೀನು ಪಟ್ಟ ಶ್ರಮವನ್ನು ನಾನು ಕಣ್ಣಾರೆ ಕಂಡಿದ್ದೆ. ಬಿಚ್ಚಿದ ಸೈಕಲ್ಲುಗಳಿಂದ ಅರವತ್ತು ಸಣ್ಣ ಗುಂಡುಗಳು ಸಿಕ್ಕಿದ್ದವು. ಬೀದಿ ತುದಿಯ ಸೈಕಲ್ ರಿಪೇರಿಯವನಿಂದ, ಬೀದಿಯೆಲ್ಲ ‘ಚಕ್ರವರ್ತಿ’ ಎಂದು ಕರೆಯುವ ಆ ಮನುಷ್ಯನಿಂದ, ಸೂಕ್ಷ್ಮ ಅಳತೆಯ ಸಾಧನವನ್ನು ಎರವಲು ತಂದು, ನಾಲ್ಕು ದಿನ ಒಂದೊಂದನ್ನೂ ಅಳೆದು, ಸವೆತದಲ್ಲಿ ಸರಿಸಮವಾದ ಇಪ್ಪತ್ತನ್ನು ಒಂದು ಬಟ್ಟಲಿಗೆ, ಅನುಮಾನದ ಹದಿನೇಳನ್ನು ಇನ್ನೊಂದಕ್ಕೆ, ಬೇಡವಾದ ಇಪ್ಪತ್ತಮೂರನ್ನು ಮತ್ತೊಂದಕ್ಕೆ ಹಾಕಿ ಕಿಟಕಿಯ ಹಲಗೆಯ ಮೇಲೆ ಇಟ್ಟಿದ್ದೆ.

ನಾನು ಆ ಹಲಗೆಯನ್ನು ಶುಚಿಮಾಡಿದೆ.

ಈ ವಾಕ್ಯವನ್ನು ಹಿಂದಿನ ಪತ್ರದಲ್ಲಿಯೂ ಬರೆದು ಅಲ್ಲಿಗೇ ನಿಲ್ಲಿಸಿ, ಹಾಳೆಯನ್ನು ಹರಿದಿದ್ದೆ. ಇಂದು ಮುಂದುವರಿಸುತ್ತೇನೆ. ಬಟ್ಟಲುಗಳಲ್ಲಿ ಜಿಡ್ಡಿತ್ತು. ಮೂರನ್ನೂ ಒಂದೇ ಪಾತ್ರೆಗೆ ಸುರಿದು, ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಇಪ್ಪತ್ತು, ಹದಿನೇಳು, ಇಪ್ಪತ್ತಮೂರು ಎಂದು ಎಣಿಸಿ ಆಯಾ ಬಟ್ಟಲಿಗೆ ಮರಳಿ ಹಾಕಿದೆ. ಕಾಲು ಗಂಟೆಯ ಕೆಲಸ. ನಲವತ್ತೊಂದು ವರ್ಷ ಧರ್ಮಗ್ರಂಥಗಳ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸಿದವನು ನಾನು. ಪುಟ ಅಚ್ಚಾದ ಮೇಲೆ ಮೊಳೆಗಳನ್ನು ತೊಳೆದು, ಬಿಡಿಸಿ, ಅವವುಗಳ ಗೂಡಿಗೆ ಸೇರಿಸುವುದು ನಮ್ಮ ವೃತ್ತಿಯ ನಿತ್ಯಕರ್ಮ. ಒಂದು ಅಕ್ಷರದ ಮೊಳೆಯು ಅದೇ ಅಕ್ಷರದ ಮತ್ತೊಂದಕ್ಕೆ ಸಮ. ಯಾವುದು ಯಾವ ಪುಟದಲ್ಲಿತ್ತೆಂದು ಯಾರೂ ಕೇಳುವುದಿಲ್ಲ. ಗುಂಡುಗಳೂ ಹಾಗೆಯೇ ಎಂದು ನನ್ನ ಬೆರಳುಗಳು ತಿಳಿದವು. ಇಷ್ಟು ಮಾತ್ರ ಆಗಿದ್ದರೆ ಅದನ್ನು ಪ್ರಮಾದವೆನ್ನಬಹುದಿತ್ತು.

ಸಂಜೆ ನೀನು ಬಂದು ಬಟ್ಟಲುಗಳನ್ನು ನೋಡಿ, “ಮಾವ, ಇವನ್ನ ಯಾರಾದ್ರೂ ಮುಟ್ಟಿದ್ರಾ? ಬೆರೆಸಿಲ್ಲ ತಾನೇ?” ಎಂದು ಕೇಳಿದೆ. ನಿನ್ನ ಮುಖ ನೋಡಿದೊಡನೆ ಬೆರೆಸಬಾರದಿತ್ತೆಂದು ನನಗೆ ಅರ್ಥವಾಯಿತು. “ಧೂಳು ಒರೆಸಿದೆ ಅಷ್ಟೇ ಕಣಮ್ಮ. ಇದ್ದ ಹಾಗೇ ಇದೆ” ಎಂದೆ. ನೀನು, “ನೀವು ಹೇಳಿದ ಮೇಲೆ ಮುಗೀತು ಬಿಡಿ” ಎಂದು ನಕ್ಕು ಗುಂಡುಗಳಿಗೆ ಗ್ರೀಸು ಹಚ್ಚತೊಡಗಿದೆ. ಆ ಇಪ್ಪತ್ತು ಗುಂಡುಗಳನ್ನು ನೀನು ಒಂದೊಂದಾಗಿ ಕೂರಿಸುವಷ್ಟು ಹೊತ್ತು ನಾನು ಬಾಗಿಲಲ್ಲೇ ನಿಂತಿದ್ದೆ. ಬಾಯಿ ಬಿಡಲು ಸಮಯವಿರಲಿಲ್ಲವೆಂದು ಹೇಳುವಂತಿಲ್ಲ. ಅಚ್ಚುಮನೆಯಲ್ಲಿ ನನ್ನ ಕೈ ತಪ್ಪಿತೆಂದು ಯಾರೂ ಎಂದೂ ಹೇಳಿರಲಿಲ್ಲ. ಸೊಸೆಯೊಬ್ಬಳು ಹೇಳುವುದು ನನಗೆ ಬೇಡವಾಗಿತ್ತು.

ಮರುದಿನದ್ದು ನಿನಗೆ ಗೊತ್ತು. ಅರ್ಧ ಏರಿನಲ್ಲಿ ಮುಂದಿನ ಚಕ್ರ ಕಟಕಟನೆ ಸದ್ದು ಮಾಡಿ ಹಿಡಿದುಕೊಂಡಿತು, ಗಾಡಿ ಮಗುಚಿತು, ಒಗೆದ ಹೊದಿಕೆಗಳೆಲ್ಲ ಚರಂಡಿಯ ಪಾಲಾದವು. ಮೇಲ್ವಿಚಾರಕರು, “ಗುಜರಿ ಯಾವತ್ತಿದ್ರೂ ಗುಜರೀನೇ ಕಣಮ್ಮ” ಎಂದು ಒಳಗೆ ಹೋದರು. ನಿನ್ನ ಗಂಡ ಎಲ್ಲರೆದುರು, “ಬಟ್ಟೆ ತಳ್ಳೋಳಿಗೆ ಇಂಜಿನಿಯರ್ ಕೆಲಸ ಯಾಕೆ ಬೇಕಿತ್ತು? ನನ್ನ ಮಾನ ಕಳೆದೆ” ಎಂದ. ನೀನು ಒಡೆದ ಗುಂಡನ್ನು ಅಂಗೈಯಲ್ಲಿ ಹಿಡಿದು, “ಆರಿಸೋದ್ರಲ್ಲಿ ನಾನೇ ಎಡವಿದೆ” ಎಂದೆ. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಆ ವಾರವೇ ನೀನು ಬೇರೆ ಊರಿನ ಶಾಖೆಗೆ ವರ್ಗ ಕೇಳಿ ಹೊರಟೆ. ನಾನು ಜಪಮಣಿ ಹಿಡಿದು ಕುಳಿತೆ.

ಕಳೆದ ತಿಂಗಳು ನನ್ನ ಕನ್ನಡಕದ ಕಡ್ಡಿ ಸಡಿಲವಾಗಿ ಚಕ್ರವರ್ತಿಯಲ್ಲಿಗೆ ಹೋಗಿದ್ದೆ. ನೀನು ಅವನಿಗೆ ಬರೆದಿದ್ದ ಕಾಗದವನ್ನು ಅವನು ಓದಿ ಹೇಳಿದ: “ಸ್ಪ್ಯಾನರ್ ಮುಟ್ಟೋಕೆ ಕೈ ಬರ್ತಿಲ್ಲ ಅಣ್ಣ. ನನ್ನ ಅಳತೆ ಮೇಲೆ ನನಗೇ ನಂಬಿಕೆ ಹೋಯ್ತು.” ಗಂಡನ ಮಾತಿನಿಂದ ಮನನೊಂದು ಹೋದೆಯೆಂದು ನಾನು ತಿಳಿದಿದ್ದೆ, ಹಾಗೆ ತಿಳಿಯುವುದು ನನಗೆ ಸುಖವೂ ಆಗಿತ್ತು. ನಿನ್ನ ಕೈಯನ್ನೇ ನೀನು ಶಂಕಿಸುತ್ತಿರುವೆ ಎಂಬುದನ್ನು ಮೊದಲ ಬಾರಿ ಕೇಳಿದೆ. ನಾನಾಡಿದ ಒಂದು ಅನೃತವು ನಿನ್ನ ಬಾಯಲ್ಲಿ ಸತ್ಯವಾಗಿ ಕುಳಿತಿತ್ತು. ಅಲ್ಲಿಯೇ, ಪಂಪಿನ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಅವನಿಗೆ ಎಲ್ಲವನ್ನೂ ಹೇಳಿದೆ.

ಅವನಿಗೆ ಆಶ್ಚರ್ಯವಾಗಲಿಲ್ಲ. “ನನಗೆ ಅವತ್ತೇ ಅನುಮಾನ ಇತ್ತು ಸ್ವಾಮಿ. ಆ ಹುಡುಗಿ ಕೈ ಹಂಗೆ ತಪ್ಪೋದಲ್ಲ. ಆದ್ರೆ ನಿಮ್ಮನ್ನ ಕೇಳೋಕೆ ಯಾರಿಗೆ ಗಂಡೆದೆ ಇದೆ? ನೀವು ಸುಳ್ಳು ಹೇಳಿದ್ರಿ ಅಂದ್ರೆ ಬೀದಿಯೋರು ನನಗೇ ಒದೀತಾರೆ” ಎಂದ.

ಅವನ ಮಾತು ದಿಟವೆಂದು ಮುಂದೆ ತಿಳಿಯಿತು. ಮೊದಲು ನಿನ್ನ ಗಂಡನಿಗೆ ಹೇಳಿದೆ. “ಅಪ್ಪ, ಅವಳ ತಪ್ಪನ್ನ ನೀವ್ಯಾಕೆ ತಲೆ ಮೇಲೆ ಹಾಕ್ಕೊಳ್ತೀರ? ಅವಳು ವಾಪಸ್ ಬರ್ಲಿ ಅಂತ ತಾನೇ?” ಎಂದು ತಟ್ಟೆ ಬಿಟ್ಟು ಎದ್ದ. ಅನಂತರ ಮೇಲ್ವಿಚಾರಕರಲ್ಲಿಗೆ ಹೋದೆ. ಅವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ನೀರು ತರಿಸಿ, “ಯಜಮಾನ್ರೇ, ಇಂಥ ಮಾವ ಸಿಗೋಕೆ ಪುಣ್ಯ ಮಾಡಿರ್ಬೇಕು. ಸೊಸೆಗೋಸ್ಕರ ಈ ವಯಸ್ಸಲ್ಲಿ ಸುಳ್ಳು ಹೇಳೋಕೂ ತಯಾರಾಗಿದ್ದೀರಲ್ಲ!” ಎಂದು ಕೈಮುಗಿದರು. ಸುಳ್ಳು ಹೇಳಿದಾಗ ನಂಬಿದವರು ನಿಜ ಹೇಳಿದಾಗ ನಂಬಲಿಲ್ಲ. ನನ್ನ ಹೆಸರು ಅಷ್ಟು ಗಟ್ಟಿಯಾಗಿತ್ತು. ಅದನ್ನು ಸಂಪಾದಿಸಿದವನೂ ನಾನೇ ಆದ್ದರಿಂದ ದೂರಲು ಯಾರೂ ಇರಲಿಲ್ಲ.

ಬಾಯಿಂದ ಆಗದ್ದನ್ನು ಗಾಡಿಯಿಂದಲೇ ಹೇಳಿಸಬೇಕೆಂದು ಚಕ್ರವರ್ತಿ ಹೇಳಿದ. ಮುರಿದ ಗಾಡಿ ಹಿಂದಿನ ಕೋಣೆಯಲ್ಲೇ ಇತ್ತು. ನೀನು ಮಾಡಿದ್ದರಲ್ಲಿ ಏನನ್ನೂ ಬದಲಿಸಬಾರದು, ನಾನು ಕೆಡಿಸಿದ್ದನ್ನು ಮಾತ್ರ ಸರಿಪಡಿಸಬೇಕು ಎಂದು ನಿಯಮ ಮಾಡಿಕೊಂಡೆವು. ಅವನು ಮುಂದಿನ ಚಕ್ರವನ್ನು ಹಿಡಿದಿಡುವ ಫೋರ್ಕಿನ ಸೊಟ್ಟು ತೆಗೆದ. ಅಳತೆಯ ಕೆಲಸ ನನಗೆ ಬಿತ್ತು. ಅರವತ್ತರಲ್ಲಿ ಆರು ಒಡೆದುಹೋಗಿದ್ದವು. ಉಳಿದ ಐವತ್ತನಾಲ್ಕನ್ನು ಎಂಟು ದಿನ ಅಳೆದೆ. ಬರಿಗಣ್ಣಿಗೆ ಎಲ್ಲವೂ ಒಂದೇ. “ಶಾಸ್ತ್ರ ಓದಿದ ಕಣ್ಣಿಗೆ ಕೂದಲೆಳೆ ಕಾಣಿಸ್ತಿಲ್ವಾ ಸ್ವಾಮಿ?” ಎಂದು ಅವನು ದಿನವೂ ಕೆಣಕುತ್ತಿದ್ದ. ಸರಿಸಮವಾದವು ಹತ್ತೊಂಬತ್ತೇ ಸಿಕ್ಕವು. ಇಪ್ಪತ್ತನೆಯದಕ್ಕಾಗಿ ಅವನ ಅಂಗಡಿಯ ಡಬ್ಬಿಗಳನ್ನೆಲ್ಲ ಸುರಿದು ಇನ್ನೂರಕ್ಕೂ ಹೆಚ್ಚು ಗುಂಡುಗಳನ್ನು ನೋಡಬೇಕಾಯಿತು. ನೀನು ನಾಲ್ಕೇ ದಿನದಲ್ಲಿ, ಅದೂ ದುಡಿದು ಬಂದ ಮೇಲೆ, ಇದನ್ನು ಹೇಗೆ ಮಾಡಿದೆಯೋ ನನಗೆ ತಿಳಿಯದು.

ಈ ತಿಂಗಳ ಐದರಂದು ಗಾಡಿಯನ್ನು ಆಸ್ಪತ್ರೆಯ ಹಿಂಬದಿಗೆ ಒಯ್ದೆವು. ಹೊಸ ಗಾಡಿ ತೋರಿಸುತ್ತೇವೆಂದು ಹೇಳಿದ್ದರಿಂದ ಮೇಲ್ವಿಚಾರಕರು ಹೊರಗೆ ಬಂದರು. ಮತ್ತೆ ಮಗುಚಿದರೆ ಬೀಳಬೇಕಾದವನು ನಾನೇ ಆದ್ದರಿಂದ ನಾನೇ ಹತ್ತಿ ಕುಳಿತೆ. ಒಗೆಯುವ ವಿಭಾಗದ ಹೆಂಗಸರು ಹೊದಿಕೆಗಳನ್ನು ಹೇರಿದರು. “ಅಜ್ಜ, ಲೈಸೆನ್ಸ್ ತಂದಿದ್ದೀರಾ?” ಎಂದು ಒಬ್ಬಳು, “ಬ್ರೇಕ್ ಮೇಲೆ ಕೈ ಇರ್ಲಿ, ಸ್ವರ್ಗಕ್ಕೆ ಹೋಗೋಕೆ ಇನ್ನೂ ಟೈಮಿದೆ” ಎಂದು ಇನ್ನೊಬ್ಬಳು. ಗಾಡಿ ಆಳು ನಡೆಯುವ ವೇಗದಲ್ಲಿ ಏರನ್ನು ಹತ್ತಿತು. ಮುಂದಿನ ಚಕ್ರದಿಂದ ಸದ್ದು ಬರಲಿಲ್ಲ. ಮೂರು ಸಲ ಹತ್ತಿಸಿ ಇಳಿಸಿದೆವು. ಮೂರನೆಯ ಸಲ ನಿನ್ನ ಗಂಡ ಉಗ್ರಾಣದ ಬಾಗಿಲಲ್ಲಿ ನಿಂತಿದ್ದ. ನಾನು ಕೆಳಗೆ ಬರುವಷ್ಟರಲ್ಲಿ ಅಲ್ಲಿರಲಿಲ್ಲ.

ಅಲ್ಲಿಯೇ ಚಕ್ರವರ್ತಿ, ಮೊದಲೇ ಮಾತಾಡಿಕೊಂಡಂತೆ, ಇದು ನೀನು ಕಟ್ಟಿದ ಅದೇ ಗಾಡಿಯೆಂದು ತಿಳಿಸಿ, ಚಕ್ರವನ್ನು ಬಿಚ್ಚಿ ಒಂದೇ ಒಂದು ಒಳ್ಳೆಯ ಗುಂಡನ್ನು ತೆಗೆದು ಬೇಡದ ಬಟ್ಟಲಿನದೊಂದನ್ನು ಹಾಕಿದ. ಮೇಲ್ವಿಚಾರಕರು ಬಗ್ಗಿ ತಮ್ಮ ಕೈಯಿಂದಲೇ ಚಕ್ರ ತಿರುಗಿಸಿ ನೋಡಿದರು. ಅದು ತಡವರಿಸಿತು. ಅವರು ಇನ್ನೊಮ್ಮೆ ತಿರುಗಿಸಿದರು. ಆಮೇಲೆ, “ಹಾಗಾದ್ರೆ ನೀವು ಅವತ್ತು ಹೇಳಿದ್ದು...” ಎಂದು ಅರ್ಧಕ್ಕೆ ನಿಲ್ಲಿಸಿದರು.

ಈಗ ನಾಲ್ಕು ಗಾಡಿಗಳಿಗೆ ಆದೇಶವಾಗಿದೆ. ಔಷಧದ ಕೋಣೆಯನ್ನು ಗುಡಿಸಿ ಸಿದ್ಧಮಾಡಿಸಿದ್ದಾರೆ; ಕಿಟಕಿ ಪೂರ್ವಕ್ಕಿದೆ, ಬೆಳಕು ಸಾಕಷ್ಟು ಬರುತ್ತದೆ. ಆದೇಶದ ಕಾಗದದಲ್ಲಿ ತಯಾರಕರೆಂದು ನಿನ್ನ ಹೆಸರಿದೆ.

ನಿನ್ನ ಗಂಡನ ಪರವಾಗಿ ನಾನು ಏನನ್ನೂ ಬರೆಯುವುದಿಲ್ಲ. ಅವನಿಗೂ ಕೈಯಿದೆ, ಲೇಖನಿಯಿದೆ. ನೀನು ಬಂದರೆ ಈ ಮನೆಯಲ್ಲಿಯೇ ಇರಬೇಕೆಂಬ ನಿರ್ಬಂಧವೂ ಇಲ್ಲ. ಚಕ್ರವರ್ತಿಯ ಅಕ್ಕನ ಮನೆಯ ಮೇಲಿನ ಕೋಣೆ ಖಾಲಿಯಿದೆಯೆಂದು ವಿಚಾರಿಸಿ ಇಟ್ಟಿದ್ದೇನೆ. ಕ್ಷಮೆಯನ್ನು ನಾನು ಕೇಳುವುದಿಲ್ಲ. ಹಿರಿಯನು ಕೇಳಿದರೆ ಕಿರಿಯರು ಕೊಡಲೇಬೇಕಾಗುತ್ತದೆ. ಆ ಬಲವಂತವೂ ಬೇಡ. ನಿನ್ನ ಅಳತೆ ಸರಿಯಾಗಿತ್ತು. ಇದನ್ನು ತಿಳಿಸುವುದಷ್ಟೇ ಈ ಪತ್ರದ ಉದ್ದೇಶ.

ಭಗವಂತನು ನಿನ್ನ ಕೈಗಳನ್ನು ಕಾಯಲಿ.

ಇಂತು,
ನಿನ್ನ ಮಾವ

ಮರೆತಿರಲಿಲ್ಲ, ಆದರೂ ಸಹಿಯ ಕೆಳಗೆ ಬರೆಯುತ್ತಿದ್ದೇನೆ: ಆ ಆದೇಶದ ಕಾಗದದಲ್ಲಿ ಮೊದಲು ಇದ್ದದ್ದು ನನ್ನ ಹೆಸರು. ಐದರಂದು ಏರಿನ ಮೇಲೆ ಜನರೆಲ್ಲ ಚಪ್ಪಾಳೆ ತಟ್ಟಿದರು. ಮೇಲ್ವಿಚಾರಕರು, “ಏನೇ ಆಗ್ಲಿ, ಓಡಿಸಿ ತೋರಿಸಿದೋರು ನೀವು” ಎಂದು ತಯಾರಕರ ಜಾಗದಲ್ಲಿ ನನ್ನ ಹೆಸರು ಬರೆಸಿ ಲೇಖನಿ ಕೊಟ್ಟರು. ನಾನು ಸಹಿ ಹಾಕಿದೆ. ಯಾರೂ ಬಲವಂತ ಮಾಡಲಿಲ್ಲ. ಆರು ದಿನ ಅದು ಹಾಗೆಯೇ ಇತ್ತು, ಮತ್ತು ಆ ಆರು ದಿನಗಳಲ್ಲಿ ಕೆಲವು ಹೊತ್ತು ನನಗೆ ಹಿತವಾಗಿಯೂ ಇತ್ತು. ಸೋಮವಾರ ಹೋಗಿ ಹೊಡೆದುಹಾಕಿಸಿದೆ. ಗುಮಾಸ್ತೆ, “ಗಲೀಜಾಗಿದೆ ತಾತ, ಬೇರೆ ಹಾಳೆ ತರ್ತೀನಿ” ಎಂದಳು. ಬೇಡವೆಂದೆ. ಗೀಟು ಎಳೆದ ನನ್ನ ಹೆಸರು ಮೇಲಿದೆ. ಅದರ ಕೆಳಗೆ ನಿನ್ನದು. ಕಡತ ತೆರೆದವರು ಇದೇಕೆ ಹೀಗೆ ಎಂದು ಕೇಳಲಿ. ನಿನ್ನ ಸಹಿಯ ಜಾಗವನ್ನು ಇಪ್ಪತ್ತೆಂಟನೆಯ ತಾರೀಕಿನವರೆಗೆ ಖಾಲಿ ಬಿಟ್ಟಿರುತ್ತಾರೆ.