ಇಲವಾಲದ ಕಾಲಿಲ್ಲದ ಕಪ್ಪೆ

ಮೈಸೂರು
೧೮ ಸೆಪ್ಟೆಂಬರ್ ೨೦೨೪

ಮುನಿಸಿಕೊಂಡ ಗೆಳತಿ ಲಹರಿಗೆ, ಗೌತಮಿಯ ಅಕ್ಕರೆಯ ನೆನಪುಗಳು.

ಫೋನ್ ಎತ್ತುವುದಿಲ್ಲ ನೀನು. ಅದಕ್ಕೇ ಹಾಸನದ ನಿನ್ನ ಶಾಲೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಹರಿದು ಹಾಕುವ ಮುಂಚೆ ಪೂರ್ತಿ ಓದು.

ನೀನು ಹೇಳಿದ್ದೇ ನಿಜವಾಯಿತು ಕಣೇ.

ಜೂನ್‌ನಲ್ಲಿ ಇಲವಾಲದ ಹತ್ತಿರ ಮನೆಯೊಂದಕ್ಕೆ ಪಾಯ ತೋಡುತ್ತಿದ್ದರು. ಮಣ್ಣಿನಿಂದ ಹೊರಬಿದ್ದ, ದಪ್ಪ ಎರೆಹುಳದಂಥ ಜೀವಿಯನ್ನು ಕಂಡು ಮೇಸ್ತ್ರಿ ಚಿಕ್ಕಬಸವಯ್ಯ “ಆವು, ಆವು!” ಎಂದು ಕೂಗಿ ಗುದ್ದಲಿ ಎತ್ತಿದ್ದ. ನಾನು ಸ್ಕೂಟರ್ ಬಿಟ್ಟು ಓಡಿದೆ.

“ಹೊಡೀಬೇಡಿ, ಅದು ಹಾವಲ್ಲ, ಕಪ್ಪೆ ಬಳಗದ್ದು!”

“ಕಾಲೇ ಇಲ್ದಿರೋ ಕಪ್ಪೆ ಎಲ್ಲೈತವ್ವಾ?” ಎಂದು ನಕ್ಕ. ಆದರೂ ಗುದ್ದಲಿ ಇಳಿಸಿದ.

ಆ ಸೆಮಿನಾರ್ ಮರೆತಿಲ್ಲ ತಾನೆ? ಇಲವಾಲದಲ್ಲಿ ಸಿಕ್ಕ ಒಂದೇ ಒಂದು ಸತ್ತ ಮಾದರಿ ಇಟ್ಟುಕೊಂಡು, ಇದು ಕೊಡಗಿನ ಪ್ರಭೇದವಲ್ಲ, ಬೇರೆಯದೇ ಎಂದು ನೀನು ವಾದಿಸಿದೆ. ನಮ್ಮ ಗೈಡ್ ವಾಗೀಶರು, “ಹೂಕುಂಡದ ಮಣ್ಣಿನ ಜೊತೆ ಕೊಡಗಿಂದ ಬಂದಿರತ್ತಮ್ಮ” ಎಂದು ಇಡೀ ಸಭೆಯನ್ನು ನಗಿಸಿದರು. ನಾನೂ ನಿನ್ನ ಪರ ಬಾಯಿ ಬಿಡಲಿಲ್ಲ. ನೀನು ಸಂಶೋಧನೆಯನ್ನೇ ಬಿಟ್ಟು ಹೋದೆ.

ಈ ಸಲವೂ ಅವರದು ಅದೇ ಮಾತು. ನಾನು ಬಿಡಲಿಲ್ಲ. ಮಳೆಗಾಲವಿಡೀ ಕೆರೆಯಂಚು, ತೋಟ ಅಂತ ಅಗೆದೆ. ಹುಣಸೂರು ರಸ್ತೆಯ ಹಳೇ ಕೆರೆಯ ಬಳಿ ಕಲ್ಲು ಸರಿಸಿದರೆ, ತಾಯಿಯೊಂದು ಮೊಟ್ಟೆಗಳನ್ನು ಸುತ್ತಿಕೊಂಡು ಮಲಗಿತ್ತು. ಉಸಿರು ಬಿಗಿಹಿಡಿದು ಕಲ್ಲನ್ನು ಹಾಗೇ ಮುಚ್ಚಿದೆ. ಬೇರೆಡೆ ಸಿಕ್ಕವುಗಳ ಡಿಎನ್‌ಎ ವರದಿ ಈಗ ಬಂದಿದೆ. ಕೊಡಗಿನದಕ್ಕೆ ದಾಯಾದಿ, ಆದರೆ ಬೇರೆ ಪ್ರಭೇದ. ಅವೆರಡೂ ಕವಲೊಡೆದು ಲಕ್ಷಾಂತರ ವರ್ಷಗಳಾಗಿವೆ. ಯಾರ ಹೂಕುಂಡದಲ್ಲೂ ಬಂದದ್ದಲ್ಲ, ಈ ಮಣ್ಣಿನದೇ.

ಪ್ರಬಂಧದಲ್ಲಿ ವಾಗೀಶರಿಗೆ ತಮ್ಮ ಹೆಸರು ಮೊದಲಿರಬೇಕು, ನಿನ್ನದು ಇರಲೇಬಾರದು. “ಬಿಟ್ಟೋದವಳ ಹೆಸರು ಯಾಕಮ್ಮ?” ಅಂದರು.

“ಮೊದಲು ಗುರುತಿಸಿದವಳು ಅವಳು ಸರ್. ಅವಳ ಹೆಸರಿಲ್ಲದೆ ಕಳಿಸಲ್ಲ” ಅಂದೆ. ಅವರು ಫೈಲು ಮುಚ್ಚಿ ಎದ್ದು ಹೋದರು. ಅದರ ಚಿಂತೆ ನಿನಗೆ ಬೇಡ.

ಸೆಮಿನಾರಿನಲ್ಲಿ ತೋರಿಸಿದ ಆ ಮಾದರಿಯ ಚಿತ್ರಗಳು ನಿನ್ನ ಹತ್ತಿರವೇ ಇವೆ. ತೆಗೆದುಕೊಂಡು ಭಾನುವಾರ ಬಾ. ಹೊಸ ಪ್ರಭೇದಕ್ಕೆ ಹೆಸರಿಡಬೇಕಾದವಳು ನೀನೇ. ಅಮ್ಮ ಬಸ್ಸಾರು ಮಾಡುತ್ತಾಳಂತೆ. ಊಟ ಮುಗಿಸಿ ಕೆರೆ ಕಡೆ ಹೋಗೋಣ. ನೀನು ಬರದಿದ್ದರೆ ನಾನೇ ಹಾಸನದ ಬಸ್ಸು ಹತ್ತುತ್ತೇನೆ.

ನಿನ್ನ ಮೊಂಡು ಗೆಳತಿ,
ಗೌತಮಿ

ತಾ.ಕ.: ಉತ್ತರವನ್ನು ಲ್ಯಾಬಿನ ವಿಳಾಸಕ್ಕೆ ಬರೆಯಬೇಡ, ಕುಂಬಾರಕೊಪ್ಪಲಿನ ಮನೆಗೆ ಬರೆ. ಸೋಮವಾರ ನಾನೂ ವಾಗೀಶರಿಗೆ ಲ್ಯಾಬಿನ ಬೀಗದ ಕೈ ಒಪ್ಪಿಸಿ ಬಂದೆ. ಅಮ್ಮನಿಗೆ ಇನ್ನೂ ಹೇಳಿಲ್ಲ.