ಜಮಾಲ್ ಸಾಬರ ಗುಲಾಬಿ, ನನ್ನ ಪರಾಗ

ಜೂನ್ ೧೦, ಸಂಜೆ ೬
ಹರಿಹರದಿಂದ ಈಗ ದಾವಣಗೆರೆಯ ಮನೆಗೆ ಬಂದೆ. ಉಗುರಿನ ಸಂದಿಯ ಕೆಂಪು ಸೀಮೆಎಣ್ಣೆಗೂ ಹೋಗಲಿಲ್ಲ. ಅಮ್ಮ ನೋಡಿದಳು.
"ಎಂಎಸ್ಸಿ ಓದಿ ಲಾರಿಗೆ ಬಣ್ಣ ಹಚ್ಚಾಕೆ ಹೋಗ್ತೀಯಲ್ಲ ವಾಣಿ, ಕೇಳ್ದೋರಿಗೆ ಏನಂತ ಹೇಳ್ಲಿ?"
ನನಗೂ ಗೊತ್ತಿಲ್ಲ. ಪಿಎಚ್‌ಡಿ ಬಿಟ್ಟು ಎಂಟು ತಿಂಗಳು. ಮೈಕ್ರೋಸ್ಕೋಪಿನಲ್ಲಿ ದಾಸವಾಳದ ಪರಾಗ ನೋಡುತ್ತ, ಅಳತೆ ಬರೆಯುವುದು ಮರೆತು ಚಿತ್ರ ಬರೆಯುತ್ತಿದ್ದೆ. "ಚಿತ್ರ ಚೆನ್ನಾಗಿದೆ, ಡೇಟಾ ಎಲ್ಲಿ?" ಎಂದರು ಗೈಡ್. ಎದ್ದು ಬಂದೆ. ಮತ್ತೆ ಲ್ಯಾಬಿಗೆ ಹೋಗಿಲ್ಲ.

ಜೂನ್ ೧೯
ಹರಿಹರದ ಜಮಾಲ್ ಸಾಬ್ ನಲವತ್ತು ವರ್ಷದಿಂದ ಲಾರಿಗಳ ಹಿಂಬದಿ ಹಲಗೆಗೆ ಗುಲಾಬಿ, ಗಿಳಿ ಬರೆಯುವವರು. ಐದೇ ಎಳೆತ — ಗುಲಾಬಿ. ನಾನು ಎಳೆದರೆ ಎಲೆಕೋಸು.
"ಬ್ರಶ್ ಬಿಗಿ ಹಿಡೀಬ್ಯಾಡ ಟೀಚರಮ್ಮ. ಹೂವು ಎಲ್ಲೂ ಓಡಿ ಹೋಗಲ್ಲ."
ಕಾಲೇಜು ಮೆಟ್ಟಿಲು ಹತ್ತಿದವರೆಲ್ಲ ಅವರಿಗೆ ಟೀಚರೇ.
ಮನೆಗೆ ಬಂದು ಟ್ಯಾಬ್‌ನಲ್ಲಿ ಬರೆದೆ. ತಪ್ಪಿದಾಗೆಲ್ಲ ಅನ್‌ಡೂ ಒತ್ತಿ ಅಳಿಸಿದೆ. ಮೂವತ್ತು ಸಲ. ಸರಿ ಬಂತು. ಬರೆದದ್ದು ನಾನಾ, ಟ್ಯಾಬಾ?

ಜುಲೈ ೨, ಮಧ್ಯಾಹ್ನ
ಅವರ ಎಳೆತಗಳ ಫೋಟೋ ತೆಗೆದು ಟ್ಯಾಬ್‌ನಲ್ಲಿ ಅವೇ ಎಳೆತ ಮೂಡಿಸುವ ಡಿಜಿಟಲ್ ಬ್ರಶ್ ಮಾಡಿದೆ. ದಾಸವಾಳದ ಪರಾಗಕಣದ ಮೈಮೇಲಿನ ಒಂದೊಂದು ಮುಳ್ಳನ್ನೂ ಗುಲಾಬಿ ಎಸಳಾಗಿ ಬರೆದೆ. ಎಷ್ಟು ಚೆಂದ ಬಂತೆಂದರೆ, ಎದ್ದು ಎರಡು ಸುತ್ತು ಓಡಾಡಿದೆ. ಇನ್‌ಸ್ಟಾಗೆ ಹಾಕಿದೆ. "ನಿಮ್ಮ ಸ್ಟೈಲ್ ಯೂನಿಕ್" — ಯಾರೋ. ಥ್ಯಾಂಕ್ಯೂ ಎಂದೆ.
ಜಮಾಲ್ ಸಾಬರ ಹೆಸರು ಹಾಕಲಿಲ್ಲ. ಮರೆತೆ ಎಂದು ಇಲ್ಲಿ ಬರೆಯಲು ಹೊರಟೆ. ಮರೆತಿರಲಿಲ್ಲ.

ಜುಲೈ ೯
ಹುಬ್ಬಳ್ಳಿಯ ಗ್ಯಾಲರಿಯೊಂದರಿಂದ ಮೆಸೇಜ್. ವಿಜ್ಞಾನ ಮತ್ತು ಕಲೆಯ ಪ್ರದರ್ಶನ. ನನ್ನ ಪರಾಗ ಬೇಕಂತೆ. ಈ ಶೈಲಿ ಹೇಗೆ ಕಂಡುಕೊಂಡಿರಿ, ನೂರು ಪದಗಳಲ್ಲಿ ಬರೆಯಿರಿ... ಅಮ್ಮನಿಗೆ ತೋರಿಸಿದೆ. ಒಂಬತ್ತು ತಿಂಗಳಲ್ಲಿ ಮೊದಲ ಸಲ ನಕ್ಕಳು. ಅವಳು ನೂರು ಪದದ ಸಾಲಿಗೆ ಬರುವ ಮೊದಲೇ ಫೋನ್ ವಾಪಸ್ ತೆಗೆದುಕೊಂಡೆ.

ಜುಲೈ ೧೨
ಜಮಾಲ್ ಸಾಬರಿಗೆ ತೋರಿಸಿದೆ. ಫೋನನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.
"ಇದು ನನ್ ಕೈ. ಮಣಿಕಟ್ಟು ಮುರಿದ ಮ್ಯಾಲೆ ಎಡಕ್ಕೆ ಹಿಂಗೇ ಎಳೀತೈತೆ."
"ಹೌದು ಚಾಚಾ."
"ನಾನು ಲಾರಿ ಮೂಲ್ಯಾಗೆ ಜಮಾಲ್ ಆರ್ಟ್ಸ್ ಅಂತ ಬರೀತೀನಿ. ಇದ್ರಾಗೆ ಎಲ್ಲಿ ಬರ್ದೀಯಾ?"
ಸಿಟ್ಟಿರಲಿಲ್ಲ. ನಿಜವಾಗಿಯೂ ಹುಡುಕುತ್ತಿದ್ದರು, ಒಂದೊಂದೇ ಮೂಲೆಯಲ್ಲಿ.

ಆಗಸ್ಟ್ ೬
ಇಪ್ಪತ್ತೈದು ದಿನ ಅತ್ತ ಹೋಗಲಿಲ್ಲ. ಇಲ್ಲಿ ಬರೆಯಲೂ ಇಲ್ಲ. ಪೋಸ್ಟ್‌ಗೆ ಅವರ ಹೆಸರು ಸೇರಿಸಿದೆ. ಗ್ಯಾಲರಿಗೂ ತಿಳಿಸಿದೆ — ಎರಡು ಹೆಸರು, ಇಲ್ಲದಿದ್ದರೆ ಬೇಡ. ಇವತ್ತು ಹರಿಹರದ ಬಸ್ ಹತ್ತಿದೆ. ತಪ್ಪಾಯಿತು ಎನ್ನಲು ಬಾಯಿ ತೆರೆದರೆ, "ಆ ನಿನ್ ಹಲಗೆ ಕೊಡಿಲ್ಲಿ" ಎಂದು ಟ್ಯಾಬ್ ತೆಗೆದುಕೊಂಡರು. ಗುಲಾಬಿ ಎಳೆದರು. ಗಾಜಿನ ಮೇಲೆ ಪೆನ್ ಜಾರಿ ಮೂರನೇ ಎಸಳು ಹಾದಿ ತಪ್ಪಿತು. ಅನ್‌ಡೂ ಒತ್ತಿ ತೋರಿಸಿದೆ. ಬೆಚ್ಚಿದರು.
"ತಪ್ಪು ಎಲ್ಲಿಗೆ ಹೋತು?"
"ಅಳಿಸಿ ಹೋಯ್ತು ಚಾಚಾ."
"ಮತ್ತೆ ನಾಳೆ ನೋಡ್ಕಂಡು ಕಲಿಯೋದು ಹೆಂಗೆ?"

ಆಗಸ್ಟ್ ೧೭
ಇಲ್ಲೇ ಕೆ.ಬಿ. ಬಡಾವಣೆಯ ಅಂಗಡಿಯಲ್ಲಿ ಪರಾಗವನ್ನು ಕ್ಯಾನ್ವಾಸ್ ಮೇಲೆ ದೊಡ್ಡದಾಗಿ ಪ್ರಿಂಟ್ ಮಾಡಿಸಿದೆ. ಎಸಳಿಲ್ಲದೆ, ಬರೀ ಪರಾಗ. ಜಮಾಲ್ ಸಾಬರ ಶೆಡ್ಡಿಗೆ ಒಯ್ದೆ. ಅದರ ಮೇಲೆ ಲಾರಿ ಪೇಂಟಿನಲ್ಲಿ ಎಸಳು — ಒಂದು ಅವರು, ಒಂದು ನಾನು. ಅನ್‌ಡೂ ಇಲ್ಲ. ನನ್ನದು ನಡುಗಿತು. ಒರೆಸಲು ಹೋದೆ. ಬಟ್ಟೆ ಕಸಿದುಕೊಂಡರು.
"ಇರ್ಲಿ ಬಿಡು. ಅದೂ ಎಸಳೇ."
ಸಮಾಧಾನವಾಯಿತೋ, ಅವಮಾನವೋ... ಬಸ್ಸಿನಲ್ಲಿ ದಾವಣಗೆರೆಯವರೆಗೂ ಗೊತ್ತಾಗಲಿಲ್ಲ.

ಆಗಸ್ಟ್ ೨೧, ಬೆಳಿಗ್ಗೆ ೭
ಗ್ಯಾಲರಿ ಒಪ್ಪಿದೆ. ಎರಡು ಹೆಸರು. ಆದರೆ ಯಾರ ಕೆಲಸ ಯಾವುದು, ಸ್ಪಷ್ಟವಾಗಿ ಬರೆದು ಕೊಡಬೇಕಂತೆ. ಜಮಾಲ್ ಸಾಬರಿಗೆ ಫೋನ್ ಮಾಡಿದೆ. ಕೆಮ್ಮು ಬರುವಷ್ಟು ನಕ್ಕರು.
"ಕೆಂಪು ನಂದು, ನಡುಕ ಟೀಚರಮ್ಮಂದು ಅಂತ ಬರಿ."
ಬರೆದೆ. ಕೆಂಪು ಅವರದು. ನಡುಕ ನನ್ನದು. ಉಳಿದದ್ದು? ಪರಾಗ ದಾಸವಾಳದ್ದು. ನೋಡಿದ್ದು ಲ್ಯಾಬಿನಲ್ಲಿ. ಬರೆದದ್ದು ಟ್ಯಾಬ್‌ನಲ್ಲಿ. ಹಾಗಾದರೆ ಇದರಲ್ಲಿ ನಾನು ಅಂದರೆ ಆ ನಡುಕವಷ್ಟೇ? ಅಷ್ಟನ್ನೇ ಗ್ಯಾಲರಿಗೆ ಕಳಿಸಿದೆ.