ಸ್ಟೆಂಟ್ ಪುಸ್ತಕದ ಟಿಕ್ಕು

ಮಾರ್ಚ್ ೧೪

ಪ್ರೀತಿಯ ಗುಬ್ಬಿ,

ನೀನೂ ಕೂಸೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದಕ್ಕೆ ಉತ್ತರಿಸಲು ತಿಂಗಳು ಹಿಡಿಯಿತು, ಬೇಜಾರು ಮಾಡಿಕೊಳ್ಳಬೇಡ. ಮೂರು ಸಲ ಬರೆದೆ, ಮೂರು ಸಲ ಹರಿದೆ.

ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ಅದೇ ಎಂಡೋಸ್ಕೋಪಿ ಕೋಣೆ, ಎಕ್ಸ್‌ರೇ ತಾಗದಂತೆ ತೊಡುವ, ಹೆಗಲು ಜಗ್ಗುವ ಅದೇ ಸೀಸದ ಏಪ್ರನ್. ಡಾಕ್ಟರು ರೋಗಿಯ ಬಾಯಿಂದ ಕೊಳವೆ ಇಳಿಸಿ ಪಿತ್ತನಾಳದ ಬಾಯನ್ನು ತುಸು ಕೊಯ್ದು ಅಗಲಿಸುತ್ತಾರೆ. ಅವರು ಬಿಚ್ಚಿ ಎಂದಾಗ ನಾನು ಒಳಗಿನ ಕಲ್ಲು ಹಿಡಿಯುವ ತಂತಿಬುಟ್ಟಿ ಬಿಚ್ಚಬೇಕು, ಮುಚ್ಚಿ ಎಂದಾಗ ಮುಚ್ಚಬೇಕು. ನಿನ್ನೆ ಕಡಲೆಯಷ್ಟು ದಪ್ಪದ ಕಲ್ಲು ಒಂದೇ ಸಲಕ್ಕೆ ಸಿಕ್ಕಿತು. ಡಾಕ್ಟರು ನನ್ನದು ಬಂಗಾರದ ಕೈ ಎಂದು ಎಲ್ಲರೆದುರು ಹೊಗಳಿದರು. ನಾನು ಕೈ ತೊಳೆಯುವ ನೆಪ ಹೇಳಿ ಹೊರಗೆ ಹೋಗಿ ಅತ್ತೆ.

ನಿನ್ನ ಅಮ್ಮ ರೇಗಿಸುತ್ತಿದ್ದಳಲ್ಲ, "ಊರವರ ಕಲ್ಲೆಲ್ಲ ತೆಗೀತೀರಿ, ಅನ್ನದಲ್ಲಿ ಒಂದು ಸಿಕ್ಕರೆ ಮಾತ್ರ ಮುಖ ಊದಿಸ್ಕೋತೀರಿ" ಎಂದು. ಕಡೆಗೆ ಅವಳ ಪಿತ್ತನಾಳದಲ್ಲೇ ಕಲ್ಲು ಕಂಡಿತು, ಬುಟ್ಟಿಗೆ ಹಿಡಿಯದಷ್ಟು ದೊಡ್ಡದು. ಪಿತ್ತ ಹರಿಯಲೆಂದು ಸ್ಟೆಂಟ್ ಎಂಬ ಪ್ಲಾಸ್ಟಿಕ್ ನಳಿಕೆ ಇಟ್ಟರು. ಮೂರು ತಿಂಗಳಿಗೆ ಕರೆತನ್ನಿ, ಒಡೆದು ತೆಗೆಯೋಣ ಎಂದರು. ಅವಳಿಗಿನ್ನೂ ಮಂಪರು, ನನಗೇ ಹೇಳಿದ್ದು. ಕಣ್ಣಿನ ಹಳದಿ ಇಳಿದದ್ದೇ ತಡ, ನಿನ್ನ ಬಾಣಂತನಕ್ಕೆ ಹೊರಟಳು. ಇಟ್ಟ ಐದನೇ ತಿಂಗಳು ಸ್ಟೆಂಟ್ ಕಟ್ಟಿಕೊಂಡಿತು, ನಂಜು ರಕ್ತಕ್ಕೇರಿತು. ಮೂರೇ ದಿನ.

ಬಾಣಂತನ ಮುಗಿಯಲಿ ಎಂದು ಅವಳೇ ಮುಂದೂಡಿದಳು ಅಂತ ಬಂದವರಿಗೆಲ್ಲ ನಾನು ಹೇಳಿದೆ. ನೀನೂ ಕೇಳಿಸಿಕೊಂಡೆ. ಈಗ ನೀನು "ನನ್ನಿಂದಲೇ ಅಮ್ಮ ಹೋದಳು, ಮಗುವನ್ನು ಮುಟ್ಟಲೂ ಮನಸ್ಸಾಗುತ್ತಿಲ್ಲ" ಎಂದು ಬರೆದಿದ್ದೀಯ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಮಡಿಲು ಸದಾ ಬೆಚ್ಚಗಿರಲಿ.

ನಿನ್ನ
ಅಪ್ಪ

ಮರೆತಿದ್ದೆ: ಇಲ್ಲ, ಮರೆತಿರಲಿಲ್ಲ, ಧೈರ್ಯವಿರಲಿಲ್ಲ. ಸ್ಟೆಂಟ್ ಇಟ್ಟವರಿಗೆ ಮೂರು ತಿಂಗಳಿಗೆ ಫೋನ್ ಮಾಡಿ ಕರೆಸುವುದು ನನ್ನದೇ ಕೆಲಸ. ಹೇಳಿಯಾದ ಮೇಲೆ, ಅವರನ್ನೆಲ್ಲ ಬರೆದಿಡುವ ಸ್ಟೆಂಟ್ ಪುಸ್ತಕದಲ್ಲಿ ಹೆಸರಿನ ಮುಂದೆ ಟಿಕ್ ಹಾಕಬೇಕು. ಅಮ್ಮನ ಹೆಸರಿಗೆ ಮಾತ್ರ ಅದನ್ನು ಬರೆದ ದಿನವೇ ಟಿಕ್ ಹಾಕಿಬಿಟ್ಟೆ, ಮನೆಯವಳಿಗೆ ಬಾಯಲ್ಲೇ ಹೇಳಿದರಾಯಿತು ಎಂದು. ಟಿಕ್ ಬಿದ್ದ ಹೆಸರನ್ನು ಮತ್ತೆ ಯಾರೂ ನೋಡುವುದಿಲ್ಲ, ನಾನೂ ನೋಡಲಿಲ್ಲ. ದಿನಾ ಫೋನಿನಲ್ಲಿ ಅವಳೊಂದಿಗೆ ಕೂಸಿನ ಮಾತೇ ಆಯಿತು. ಅವಳು ಬರಬೇಕಿದ್ದ ತಿಂಗಳು ಬೇರೆ ಹದಿನೇಳು ಜನರನ್ನು ಕರೆಸಿದೆ. ಅವಳು ಏನನ್ನೂ ಮುಂದೂಡಲಿಲ್ಲ ಗುಬ್ಬಿ. ಅವಳಿಗೆ ಗೊತ್ತೇ ಇರಲಿಲ್ಲ. ನನ್ನನ್ನು ಏನು ಬೇಕಾದರೂ ಅನ್ನು, ಮಗುವನ್ನು ಎತ್ತಿಕೋ.